ಕಾರ್ ಲಿಫ್ಟಿನಲ್ಲಿ ಓದಿದ ಸೋತ ಕಾದಂಬರಿ

ಕೋವಿಡ್ ಮುಗಿದು ಕಚೇರಿಗಳು ಮತ್ತೆ ತುಂಬಿಕೊಂಡ ವರ್ಷ. ನಾನಾಗ ಬೆಂಗಳೂರಿನ ಒಂದು ಪ್ರಕಾಶನ ಸಂಸ್ಥೆಗೆ, ದುಬೈನ ಮಿರ್ದಿಫ್‌ನಲ್ಲಿರುವ ನಮ್ಮ ಫ್ಲ್ಯಾಟಿನಿಂದಲೇ, ಸಂಪಾದಕಿಯಾಗಿ ಕೆಲಸ ಮಾಡುತ್ತಿದ್ದೆ. ನನ್ನದು ಡೆವಲಪ್‌ಮೆಂಟಲ್ ಎಡಿಟಿಂಗ್. ಕಾಗುಣಿತ, ಅಲ್ಪವಿರಾಮಗಳ ತಂಟೆಗೆ ಹೋಗುವ ಮೊದಲು ಕಥೆ ತನ್ನ ಕಾಲ ಮೇಲೆ ನಿಂತಿದೆಯೇ ಎಂದು ನೋಡುವ ಕೆಲಸ. ಹೆಸರು ದೊಡ್ಡದು, ಬೈಸಿಕೊಳ್ಳುವುದೇ ಹೆಚ್ಚು.

ಆ ಬೇಸಿಗೆಯಲ್ಲಿ ಶಮೀಮಳ ಕಾದಂಬರಿ ನನ್ನ ಕೈಗೆ ಬಂತು. ಭಟ್ಕಳದ ನವಾಯತ ವ್ಯಾಪಾರಿ ಕುಟುಂಬದ ಹೆಣ್ಣುಮಗಳು, ಮನೆಮಾತು ನವಾಯತಿ, ಓದಿದ್ದು ಕನ್ನಡ ಶಾಲೆಯಲ್ಲಿ. ಮನೆ ನಮ್ಮ ಪಕ್ಕದ ಬೀದಿಯಲ್ಲೇ, ಅಬುಧಾಬಿಯಲ್ಲಿ ಅಕೌಂಟ್ಸ್ ಕೆಲಸ. ಹಲವು ಪ್ರಕಾಶಕರು ಬೇಡವೆಂದಿದ್ದ ಹಸ್ತಪ್ರತಿಯನ್ನು ನಮ್ಮವರು ಗಲ್ಫ್ ಕಥೆ ಎಂಬ ಒಂದೇ ಕಾರಣಕ್ಕೆ ಒಪ್ಪಿದ್ದರು. ರಾಜ್ಯೋತ್ಸವಕ್ಕೆ ಬಿಡುಗಡೆ, ಗಡುವು ತಪ್ಪಿದರೆ ಮತ್ತೆ ಮಾತಿಲ್ಲ. ಅವಳಿಗೆ ಅದು ಮೊದಲ ಪುಸ್ತಕ.

ಕಥಾನಾಯಕಿ ಅಬುಧಾಬಿ ಕಡೆಯ ಮದೀನತ್ ಜಾಯೆದ್‌ನ ಆಸ್ಪತ್ರೆಯೊಂದರ ನರ್ಸ್. ಭಾಷೆ ಚೆನ್ನಾಗಿತ್ತು, ಜನರ ಮಾತುಕತೆಯೂ ಚೆನ್ನಾಗಿತ್ತು. ಆದರೆ ಮೂರನೇ ಅಧ್ಯಾಯದಲ್ಲಿ ಆ ನರ್ಸ್ ಇದ್ದಕ್ಕಿದ್ದಂತೆ ಕೆಲಸ ಬಿಟ್ಟು ದುಬೈಗೆ ಹೊರಟುಬಿಡುತ್ತಾಳೆ. ಯಾಕೆಂದು ಎಷ್ಟು ಸಲ ಕೇಳಿದರೂ ಶಮೀಮಳ ಉತ್ತರ ಒಂದೇ.

"ಮೂರನೇ ಚಾಪ್ಟರಿನಲ್ಲಿ ದೊಡ್ಡ ನಿರ್ಧಾರ ಬರ್ಬೇಕಂತೆ ಅಕ್ಕ. ಪುಸ್ತಕದಲ್ಲಿ ಉಂಟು."

ಯಾವ ಪುಸ್ತಕ? ಕಾದಂಬರಿ ಬರೆಯುವುದು ಹೇಗೆಂದು ಹೇಳಿಕೊಡುವ ಇಂಗ್ಲಿಷ್ ಪುಸ್ತಕಗಳು. ಅವಳ ಫೋನಿನ ತುಂಬ ಅವೇ. ಕನ್ನಡ ಕಾದಂಬರಿಯನ್ನು ಕಾಲೇಜು ಬಿಟ್ಟ ಮೇಲೆ ಮುಟ್ಟಿಯೇ ಇಲ್ಲವಂತೆ. ನನಗೆ ತಲೆ ಕೆಟ್ಟುಹೋಯಿತು. ಊಟವನ್ನೇ ಮಾಡದೆ ಅಡುಗೆ ಪುಸ್ತಕ ಓದಿ ಒಲೆ ಹಚ್ಚಿದ ಹಾಗಾಯಿತು ಎಂದು ರೇಗಿದೆ.

"ಹಾಗಾದ್ರೆ ಎಂತ ಓದ್ಲಿ, ನೀವೇ ಹೇಳಿ. ಟೈಮ್ ಎಲ್ಲಿ ಉಂಟು? ದಿನಾ ಹೋಗಿ ಬರುದೇ ಆಯ್ತು."

ಇಲ್ಲಿ ಕನ್ನಡ ಪುಸ್ತಕ ಸಿಗುವುದು ಊರಿಂದ ಬರುವವರ ಪೆಟ್ಟಿಗೆಯಲ್ಲಿ, ಅದೂ ಕುಚ್ಚಲಕ್ಕಿ, ಹಪ್ಪಳ ಎಲ್ಲ ತುಂಬಿ ಜಾಗ ಉಳಿದರೆ. ಹಾಗೆ ಕೂಡಿಹಾಕಿದ ನನ್ನ ಕಪಾಟಿನಿಂದ ಒಂದು ಕಥಾಸಂಕಲನ, ಒಂದು ಪತ್ತೇದಾರಿ, ಒಂದು ಅನುವಾದ ತೆಗೆದುಕೊಟ್ಟೆ. ಸ್ವಲ್ಪ ಯೋಚಿಸಿ, ಯಾರೂ ಮೆಚ್ಚದ ಒಂದು ಸೋತ ಕಾದಂಬರಿಯನ್ನೂ ಸೇರಿಸಿದೆ. ಒಳ್ಳೆಯ ಪುಸ್ತಕದಲ್ಲಿ ಹೊಲಿಗೆ ಕಾಣುವುದಿಲ್ಲ; ಸೋತದ್ದರಲ್ಲಿ ಎಲ್ಲಿ ಬಿಚ್ಚಿದೆಯೆಂದು ಗೊತ್ತಾಗುತ್ತದೆ.

ಅವಳು ಓಡಾಡುತ್ತಿದ್ದುದು ಕಾರ್ ಲಿಫ್ಟಿನಲ್ಲಿ. ದುಬೈ–ಅಬುಧಾಬಿ ನಡುವೆ ನಾಲ್ಕಾರು ಜನ ತಿಂಗಳಿಗೆ ಇಷ್ಟೆಂದು ಕೊಟ್ಟು ಒಂದೇ ಗಾಡಿಯಲ್ಲಿ ಹೋಗಿಬರುವುದಕ್ಕೆ ಹಾಗೆನ್ನುತ್ತಾರೆ. ಬೆಳಿಗ್ಗೆ ಎಲ್ಲರಿಗೂ ನಿದ್ದೆ, ಸಂಜೆ ಎಲ್ಲರ ಕಿವಿಯಲ್ಲೂ ಫೋನು. ಪಕ್ಕದ ಸೀಟಿನಲ್ಲಿ ಕುಂದಾಪುರದ ಪ್ರಕಾಶ್ ಎಂಬ ಎಂಜಿನಿಯರ್. ಅವಳ ಕೈಯಲ್ಲಿ ಕನ್ನಡ ಪುಸ್ತಕ ಕಂಡು, "ಜೋರಾಗಿ ಓದಿ, ನಾನೂ ಕೇಳ್ತೇನೆ" ಎಂದರಂತೆ. ಹಾಗೆ ಸಂಜೆಯ ಓದು ಶುರುವಾಯಿತು.

ಇತ್ತ ನನಗೆ ಚಡಪಡಿಕೆ. ಬೆಂಗಳೂರಿನಿಂದ ದಿನಾ ಮೆಸೇಜು. ಮುಖಪುಟ ಬಂತು, ಬೆನ್ನುಡಿ ಬಂತು, ತಿದ್ದಿದ ಮೂರನೇ ಅಧ್ಯಾಯ ಮಾತ್ರ ಬರಲಿಲ್ಲ. ಒಂದರ ಹಿಂದೊಂದು ವಿಮಾನ ಸದ್ದುಮಾಡುವ ಬಾಲ್ಕನಿಯಲ್ಲಿ ಶತಪಥ ಹಾಕುತ್ತಿದ್ದೆ. ನರ್ಸ್ ಹೊರಡಲು ನಾನೇ ಒಂದು ಕಾರಣ ಹುಟ್ಟಿಸಿ ಬರೆದುಬಿಡಲೇ ಎಂದೂ ಅನ್ನಿಸಿತು. ಸಂಪಾದಕರಿಗೆ ಬರುವ ಅತಿ ಕೆಟ್ಟ ಆಸೆ ಅದು.

ಪುಟಗಳು ಪ್ರೆಸ್ಸಿಗೆ ಹೋಗಬೇಕಿದ್ದ ವಾರ ಶಮೀಮ ಗಾಡಿ ಇಳಿದವಳೇ ನೇರ ನಮ್ಮ ಮನೆಗೆ ಬಂದು, ಆ ಸೋತ ಕಾದಂಬರಿಯನ್ನು ಮೇಜಿನ ಮೇಲಿಟ್ಟಳು. ಅಂದು ಅದರ ನಡುವಿನ ಅಧ್ಯಾಯ ಓದುತ್ತಿದ್ದಾಗ ಪ್ರಕಾಶ್ ತಡೆದರಂತೆ: "ನಿಲ್ಲಿ ಮಾರಾಯ್ರೆ. ಆ ಹೆಂಗ್ಸು ಮನೆ ಬಿಟ್ಟು ಹೋದದ್ದು ಯಾಕೆ?" ಹಿಂದೆ ಮುಂದೆ ಹಾಳೆ ತಿರುವಿದರೂ ಶಮೀಮಳಿಗೆ ಕಾರಣ ಸಿಗಲಿಲ್ಲ. ಪ್ರಕಾಶ್ ಇಯರ್‌ಫೋನ್ ಸಿಕ್ಕಿಸಿಕೊಂಡು ಕಿಟಕಿಯತ್ತ ತಿರುಗಿದರು.

"ಅಕ್ಕ, ನನ್ನ ಪುಸ್ತಕ ವಾಪಸ್ ತಕೊಳ್ತೇನೆ."

"ತಲೆ ನೆಟ್ಟಗಿದೆಯಾ? ಮುಖಪುಟ ಕೂಡ ಆಗಿದೆ. ಇದು ಕೈತಪ್ಪಿದ್ರೆ ಇನ್ನೊಬ್ಬ ಪ್ರಕಾಶಕ ಸಿಗಲ್ಲ ಕಣಮ್ಮ."

"ಗೊತ್ತುಂಟು. ಆದ್ರೆ ನಾಳೆ ಯಾರಾದ್ರೂ ನನ್ನದನ್ನ ಹೀಗೇ ಜೋರಾಗಿ ಓದುವಾಗ, ನರ್ಸ್ ಯಾಕೆ ಹೋದ್ಳು ಅಂತ ಕೇಳಿದ್ರೆ ಎಂತ ಹೇಳುದು?"

ಅವಳ ಕಣ್ಣು ತುಂಬಿತ್ತು. ನನಗೆ ಸಿಟ್ಟು, ಸಂಕಟ, ಹೆಮ್ಮೆ ಒಟ್ಟಿಗೇ ಬಂದವು. ಬೆಂಗಳೂರಿಗೆ ಫೋನ್ ಮಾಡಿದೆ. ಪ್ರಕಾಶಕರು ಕೂಗಾಡಿದರು, ಆ ಜಾಗಕ್ಕೆ ಬೇರೆ ಪುಸ್ತಕ ಹಾಕಿದರು. ಶಮೀಮಳ ಕಾದಂಬರಿ ಇವತ್ತಿಗೂ ಅಚ್ಚಾಗಿಲ್ಲ. ಮೊದಲಿನಿಂದ ಬರೆಯುತ್ತಿದ್ದಾಳೆ, ಸಂಜೆ ಗಾಡಿಯಲ್ಲಿ ಓದುತ್ತಲೂ ಇದ್ದಾಳೆ.

ಕಥೆ ಬರೆಯಬೇಕೆಂದಿದ್ದೇನೆ, ಏನು ಓದಲಿ ಎಂದು ಈಗ ಯಾರಾದರೂ ಕೇಳಿದರೆ, ಒಳ್ಳೆಯವುಗಳ ಜೊತೆ ಸೋತದ್ದೊಂದನ್ನೂ ಓದಿ, ಬೇಸರವಾದರೆ ಮುಖ ತಿರುಗಿಸಿಬಿಡುವವರ ಎದುರು ಜೋರಾಗಿ ಓದಿ ಎನ್ನುತ್ತೇನೆ. ಹಾಗೆ ಓದಿದವರು ತಮ್ಮ ಹಸ್ತಪ್ರತಿಯನ್ನೇ ವಾಪಸ್ ಕೇಳಬಹುದು. ಆಗ ಕೊಟ್ಟುಬಿಡಬೇಕು, ನನ್ನ ಕೆಲಸ ನನಗೆ ಕಲಿಸಿದ್ದು ಇಷ್ಟು. ಪ್ರಕಾಶಕರು ಬೈಯುತ್ತಾರೆ. ಬೈಯಲಿ.