ಬೇಲಿಯ ಮೇಲಿನ ಕೆಂಪು ಬಟ್ಟೆ

ಮಗಳು ಫೆತುಗೆ ಚುಚ್ಚುಮದ್ದು ಹಾಕಿಸಿ ಏನಾದರೂ ಆಗಿಬಿಟ್ಟರೆ ಎಂಬ ಚಿಂತೆ ನನ್ನನ್ನು ಬಿಡಲೇ ಇಲ್ಲ. ದಡಾರಕ್ಕೆ ಹೆದರಿ ಸಮೋವಾಕ್ಕೆ ಸಮೋವಾವೇ ಮನೆಯೊಳಗೆ ಕೂತಿತ್ತು. ಲಸಿಕೆ ಆಗದವರ ಮನೆಯ ಮುಂದೆ ಕೆಂಪು ಬಟ್ಟೆ ಕಟ್ಟಬೇಕಿತ್ತು; ಅತ್ತೆ ಲೆಪೆಕಾ ತಾವು ಸೊಂಟಕ್ಕೆ ಉಡುವ ಕೆಂಪು ಲಾವಲಾವಾವನ್ನೇ ಬೇಲಿಗೆ ಕಟ್ಟಿದರು. ಅವರು ಅಡುಗೆಗೆ ಹೋದಾಗ ನಾನದನ್ನು ಬಿಚ್ಚಿ ತಂದೆ. ಲಸಿಕೆಯ ವ್ಯಾನು ನಿಲ್ಲದೆ ಹೋಯಿತು.

“ಬಟ್ಟೆ ಎಲ್ಲೇ?”

“ಒಗೆಯೋಕೆ ಹಾಕ್ದೆ, ಅತ್ತೆ.”

“ಒಗೆದಿದ್ದನ್ನೇ ಒಗಿ. ಆಪಿಯಾದಲ್ಲಿ ಓದಿ ಕಲ್ತಿದ್ದು ಇದೇನಾ?” ಅತ್ತೆ ಚಾಪೆಯ ಮೇಲೆ ಕುಸಿದು ಕೂತರು. “ನಿನ್ನ ಗಂಡನಿಗೆ ಸೂಜಿ ಹಾಕ್ಸೋ ದಿನ ನಾನೂ ಹೆದರಿ ಚರ್ಚ್ ಹಿಂದೆ ಅವಿತ್ಕೊಂಡಿದ್ದೆ. ನಮ್ಮತ್ತೆ ಮಗೂನ ಕಿತ್ಕೊಂಡು ಹೋಗಿ ಹಾಕ್ಸಿದ್ರು.”

ಎದುರು ಮನೆಯ ಮಗು ಕೆಮ್ಮುತ್ತಲೇ ಇತ್ತು. ಕೂತಲ್ಲಿ ಕೂರಲಾಗದೆ ಲಸಿಕೆಯವರಿಗೆ ಫೋನು ಮಾಡಿದೆ.

“ನಮ್ಮನೇಲೂ ಒಂದು ಮಗು ಇದೆ. ವ್ಯಾನು ವಾಪಸ್ ಕಳಿಸ್ತೀರಾ?”