ಮೂಲೆಯಿಲ್ಲದ ಲಗ್ನಪತ್ರಿಕೆ

ಕಾಗದಕ್ಕೆ ನಾಲ್ಕು ಮೂಲೆಗಳಿರುತ್ತವೆ ಎಂಬ ಮಹಾಸತ್ಯ ನನ್ನ ಗಮನಕ್ಕೆ ಬಂದದ್ದು ಅವುಗಳನ್ನು ಕತ್ತರಿಸಲು ತೊಡಗಿದ ಮೇಲೆ. ಅದಕ್ಕೆ ಮುಂಚೆ ಬಹಳ ವರ್ಷ ಹುಣಸೂರಿನ ಕಾಲೇಜೊಂದರಲ್ಲಿ ಇತಿಹಾಸ ಪಾಠ ಹೇಳುತ್ತ, ಉತ್ತರಪತ್ರಿಕೆಗಳ ರಾಶಿಯಲ್ಲಿ ಬೆರಳು ಸವೆಸಿಕೊಂಡವನಾದರೂ, ಮೂಲೆಯೆಂದರೆ ನನ್ನ ಪಾಲಿಗೆ ದಾರ ಪೋಣಿಸುವ ತೂತಿನ ಜಾಗ, ಅಷ್ಟೆ. ಬೇಕಿದ್ದರೆ ನೀವೂ ಈಗ ನಿಮ್ಮ ಕೈಯಲ್ಲಿರುವ ಪುಟದ ಮೂಲೆಯನ್ನೊಮ್ಮೆ ನೋಡಿ. ಅಲ್ಲಿ ಏನೂ ಇಲ್ಲ. ಅಕ್ಷರಗಳು ಅಷ್ಟು ದೂರ ಹೋಗುವುದಿಲ್ಲ, ಕಣ್ಣೂ ಹೋಗುವುದಿಲ್ಲ; ಓದಿದ ಗುರುತಿಗೆಂದು ಪುಟದ ಕಿವಿ ಹಿಂಡುವ ದುರಭ್ಯಾಸವುಳ್ಳವರನ್ನು ಬಿಟ್ಟರೆ ಮೂಲೆಯ ಗೊಡವೆ ಯಾರಿಗೂ ಬೇಡ. ಇಂಥ ನಿರುಪಯುಕ್ತ ಪ್ರದೇಶವನ್ನು ಅಲಂಕರಿಸಿದರೆ ಲೋಕಕ್ಕೆ ಉಪಕಾರವಾದೀತೆಂದು ನಾನು ಪ್ರಾಮಾಣಿಕವಾಗಿ ನಂಬಿದ್ದೆ.

ಈ ನಂಬಿಕೆಯನ್ನು ಹುಟ್ಟಿಸಿದ ಯಂತ್ರ ದೊರೆತದ್ದು ಮಡಿಕೇರಿಯಲ್ಲಿ. ಹೊಸ ಶತಮಾನ ಇನ್ನೂ ಅಂಬೆಗಾಲಿಡುತ್ತಿದ್ದ ದಿನಗಳು. ಅಲ್ಲೊಬ್ಬ ಹಿರಿಯ ಕೊಡವ ಮಹಿಳೆ ಮನೆ ಬದಲಿಸುತ್ತಿದ್ದಾರೆ, ಬೀಟೆಮರದ ಪುಸ್ತಕದ ಕಪಾಟನ್ನು ಮಾರುತ್ತಾರೆ ಎಂದು ಕೇಳಿ ನಾನು ಬಸ್ಸು ಹತ್ತಿದೆ. ಹೋಗುವಷ್ಟರಲ್ಲಿ ಕಪಾಟು ಬೇರೆಯವರ ಪಾಲಾಗಿತ್ತು. ಬರಿಗೈಯಲ್ಲಿ ಕಳಿಸಲು ಆಕೆಗೆ ಸಂಕೋಚ, ಬರಿಗೈಯಲ್ಲಿ ಮರಳಲು ನನಗೆ ಅವಮಾನ. ಈ ಎರಡರ ನಡುವೆ ಒಂದು ಪೆಟ್ಟಿಗೆ ಕೈ ಬದಲಾಯಿತು. ಒಳಗೆ ಎರಡು ಉರುಳೆ, ಒಂದು ಹಿಡಿಕೆ, ಜೊತೆಗೆ ಹೂವು, ಎಲೆ, ಚಿಟ್ಟೆ ಮುಂತಾದ ಆಕಾರಗಳ ಉಕ್ಕಿನ ಅಚ್ಚುಗಳು. ಹರಿತ ಅಂಚಿನ ಅಚ್ಚನ್ನು ದಪ್ಪ ಕಾಗದದ ಮೇಲಿಟ್ಟು, ಎರಡು ಹಲಗೆಗಳ ನಡುವೆ ಸೇರಿಸಿ, ಉರುಳೆಗಳ ಸಂದಿಗೆ ತಳ್ಳಿ ಹಿಡಿಕೆ ತಿರುಗಿಸಿದರೆ ಆಚೆ ಬದಿಯಲ್ಲಿ ಕಾಗದದ ಹೂವು ಬೀಳುತ್ತದೆ. ಹಿಂದಿರುಗುವ ಬಸ್ಸಿನಲ್ಲಿ ಕಂಡಕ್ಟರು ಪೆಟ್ಟಿಗೆಯೊಳಗೆ ಇಣುಕಿ, "ಕಬ್ಬಿನಾಲ್ ಅಂಗಡಿ ಇಡ್ತೀರಾ ಸಾ? ಗ್ಲಾಸು ಬಲೇ ಚಿಕ್ಕುದ್ ಇಡ್ಬೇಕಾಯ್ತದೆ" ಎಂದ.

ಸಂಕ್ರಾಂತಿಗೆ ನಮ್ಮ ಮನೆಗಳಲ್ಲಿ ಸಕ್ಕರೆ ಎರೆಯುವ ಮರದ ಅಚ್ಚುಗಳನ್ನು ಬಾಲ್ಯದಿಂದ ಕಂಡವನು ನಾನು. ಅವುಗಳಲ್ಲಿ ಪಾಕದ ಹದ ತಪ್ಪಿದರೆ ಆನೆಗೆ ಸೊಂಡಿಲು ಬರುವುದಿಲ್ಲ, ಗಿಳಿಗೆ ಕೊಕ್ಕು ಕೂಡುವುದಿಲ್ಲ. ಈ ಉಕ್ಕಿನ ಅಚ್ಚಿಗೆ ಅಂಥ ಚಂಚಲತೆಯಿಲ್ಲ. ಕಲಾವಿದನಿಗೆ ಕಲೆ ಬರಬೇಕೆಂಬ ಹಳೆಯ ಕಟ್ಟುಪಾಡನ್ನು ಅದು ಕಿತ್ತೊಗೆದಿದೆ. ಯಾರು ತಿರುಗಿಸಿದರೂ ಅದೇ ಚಿಟ್ಟೆ, ಅದೇ ರೆಕ್ಕೆ. ಆದರೆ ತಿರುಗಿಸಿದವನ ಎದೆ ಮಾತ್ರ ತಾನೇ ಸೃಷ್ಟಿಕರ್ತನೆಂದು ಉಬ್ಬುತ್ತದೆ. ಬ್ರಹ್ಮದೇವರ ಬಳಿಯೂ ಇಂಥದೊಂದು ಯಂತ್ರ ಇದ್ದಿರಬಹುದೆಂದು ನನ್ನ ತರಗತಿಯ ಹುಡುಗರ ಮುಖಗಳನ್ನು ನೋಡಿದಾಗ ಹಲವು ಸಲ ಅನ್ನಿಸಿದ್ದುಂಟು.

ಮನೆಯ ತುಂಬ ಕಾಗದದ ಚೂರು ಹರಡಿತು. ಉಪ್ಪಿಟ್ಟಿನಲ್ಲಿ ಚಿಟ್ಟೆಯೊಂದು ಸಿಕ್ಕಿದ ದಿನ ನನ್ನ ಹೆಂಡತಿ ಶಾರದೆ ಅದನ್ನು ತಟ್ಟೆಯ ಅಂಚಿಗೆ ಸರಿಸಿ, ಏನೂ ಹೇಳದೆ ತಿಂದು ಮುಗಿಸಿದಳು. ಅವಳ ಮೌನಕ್ಕೆ ಹೆದರಿ ನಾನು ಉತ್ಪತ್ತಿಯನ್ನು ಊರಿಗೆ ಹಂಚತೊಡಗಿದೆ. ಹುಟ್ಟುಹಬ್ಬ, ಬಡ್ತಿ, ಗೃಹಪ್ರವೇಶ, ಯಾವುದನ್ನೂ ಬಿಡಲಿಲ್ಲ. ಕೈಯಾರೆ ಮಾಡಿದ ಶುಭಾಶಯ ಪತ್ರವನ್ನು ಕಂಡು ಜನ ಪುಲಕಿತರಾಗುತ್ತಾರೆಂದು ಎಣಿಸಿದ್ದೆ. ನಮ್ಮ ಕಡೆಯ ಜನ ಅನುಮಾನಪಟ್ಟರು. ಪಿರಿಯಾಪಟ್ಟಣದಿಂದ ಬರುತ್ತಿದ್ದ ಸಹೋದ್ಯೋಗಿಯೊಬ್ಬರು ಕಾರ್ಡನ್ನು ಹಿಂದೆ ಮುಂದೆ ತಿರುಗಿಸಿ, ದನಿ ತಗ್ಗಿಸಿ, "ಏನ್ ಸಾರ್, ನನ್ನಿಂದ ಏನಾದ್ರೂ ಕೆಲ್ಸ ಆಗ್ಬೇಕಿತ್ತಾ?" ಎಂದು ಕೇಳಿದರು.

ಅಚ್ಚುಗಳಲ್ಲೆಲ್ಲ ನನಗೆ ಪರಮಪ್ರಿಯವಾದದ್ದು ಮೂಲೆಯದು. ಅದನ್ನು ಕಾರ್ಡಿನ ತುದಿಗಿಟ್ಟು ತಿರುಗಿಸಿದರೆ ಮೂಲೆ ಹಾರಿಹೋಗಿ, ಆ ಜಾಗದಲ್ಲಿ ಮಲ್ಲಿಗೆ ಬಳ್ಳಿಯ ಸಣ್ಣ ಜಾಲಂಧ್ರವೊಂದು ಮೂಡುತ್ತಿತ್ತು. ಇದರ ಬೆನ್ನಿಗೇ ನನ್ನಲ್ಲೊಂದು ಸೌಂದರ್ಯಮೀಮಾಂಸೆಯೂ ಹುಟ್ಟಿತು. ಪೇಟೆಯ ಪ್ರೆಸ್ಸುಗಳು ಅಚ್ಚು ಹಾಕುವ ಮದುವೆ ಕಾರ್ಡುಗಳ ಕೆಂಪು, ಹಳದಿ, ಮಿಂಚುವ ಗಣಪತಿ, ಜರಿಯ ನವಿಲು ಎಲ್ಲವೂ ನನಗೆ ಅತಿರೇಕವಾಗಿ ಕಂಡವು. ದಂತವರ್ಣದ ಕಾಗದ, ಕಪ್ಪು ಮಸಿ, ನಾಲ್ಕು ಮೂಲೆಗೆ ಜಾಲರಿ, ಉಳಿದಂತೆ ನಿರಾಡಂಬರ. ಅಭಿರುಚಿಯೆಂದರೆ ಇದೇ ಎಂದು ಶಾರದೆಗೆ ವಿವರಿಸಿದೆ. ಅವಳು ಕಾರ್ಡನ್ನು ನೋಡಿ, "ತಣ್ಣಗಿದೆ" ಎಂದಳು. ಹೊಗಳಿಕೆಯೆಂದೇ ತಿಳಿದೆ.

ನಮ್ಮ ಎದುರು ಮನೆಯಲ್ಲಿ ರತ್ನಮ್ಮ ಮತ್ತು ಸ್ವಾಮಿಗೌಡ ಇದ್ದರು. ಊರಾಚೆಯ ಹೊಲದಲ್ಲಿ ಹೊಗೆಸೊಪ್ಪು ಬೆಳೆಯುವ ಸಂಸಾರ. ಅವರ ಮಗಳು ಸವಿತಾಳ ಮದುವೆ ನಿಶ್ಚಯವಾದಾಗ ರತ್ನಮ್ಮ ಒಂದು ಸಂಜೆ ನಮ್ಮ ಜಗಲಿಗೆ ಬಂದು ಕೂತಳು. "ಎಲ್ಲಾರ್ಗೂ ಪ್ರೆಸ್ಸಿಂದು ಆಯ್ತದೆ ಮೇಷ್ಟ್ರೇ. ನಮ್ಮಕ್ಕಂಗೆ ಮಾತ್ರ ನೀವ್ ಒಂದು ಕೈಯಾರೆ ಮಾಡ್ಕೊಡ್ಬೇಕು ಕಣ್ರೀ. ನೋಡ್ದೇಟ್ಗೆ ಅವ್ಳಿಗೆ ಬರ್ಬೇಕು ಅನ್ನಿಸ್ಬೇಕು" ಎಂದಳು. ಹೇಳುವಾಗ ಅವಳ ಕಣ್ಣು ತುಂಬಿತ್ತು.

ಅಕ್ಕನ ಕಥೆ ನಮ್ಮ ಬೀದಿಗೆಲ್ಲ ಗೊತ್ತಿದ್ದದ್ದೇ. ದೇವಮ್ಮ ಹೆಗ್ಗಡದೇವನಕೋಟೆಯಿಂದಾಚೆ, ಕಾಡಂಚಿನ ಒಂದು ಹಳ್ಳಿಗೆ ಕೊಟ್ಟ ಹೆಣ್ಣು. ಇವರಿಬ್ಬರ ತಾಯಿ ರತ್ನಮ್ಮನ ಮನೆಯಲ್ಲಿ ತೀರಿಕೊಂಡಾಗ ಸುದ್ದಿ ಮುಟ್ಟಿಸಲು ಹೋದವನು ಕೋಟೆಯಲ್ಲೇ ಸಿಕ್ಕಿಬಿದ್ದ. ಮಳೆಗೆ ರಸ್ತೆ ಕೊಚ್ಚಿ ಮುಂದಿನ ಬಸ್ಸು ನಿಂತುಹೋಗಿತ್ತು. ಇತ್ತ ಹಿರಿಯರು ಹೆಣ ಕಾಯಿಸಬಾರದೆಂದರು. ದೇವಮ್ಮ ಬಂದು ಸೇರುವಷ್ಟರಲ್ಲಿ ಗುಂಡಿಗೆ ಮಣ್ಣು ಬಿದ್ದಿತ್ತು. ಅವಳೂ ಒಂದು ಹಿಡಿ ಮಣ್ಣು ಹಾಕಿ, ತಂಗಿಯ ಮನೆಯಲ್ಲಿ ಒಂದು ಲೋಟ ನೀರು ಕೂಡ ಕುಡಿಯದೆ ಹೊರಟುಹೋದವಳು, ಆಮೇಲೆ ಹಬ್ಬಕ್ಕೆ ಬರಲಿಲ್ಲ, ಹೆಣ್ಣು ಕೇಳುವ ಶಾಸ್ತ್ರಕ್ಕೂ ಬರಲಿಲ್ಲ. ದೊಡ್ಡಮ್ಮ ಬಾರದ ಮದುವೆ ತನ್ನ ಮಗಳಿಗೆ ಆಗಬಾರದೆಂದು ರತ್ನಮ್ಮನ ಹಟ. ಅದು ಹಟವೆನ್ನುವುದಕ್ಕಿಂತ ಹಸಿವು ಎಂದರೆ ಸರಿಯಾದೀತು.

ನಾನು ಸರ್ವಸ್ವವನ್ನೂ ಧಾರೆಯೆರೆದೆ. ಅತ್ಯುತ್ತಮ ದಂತವರ್ಣದ ಕಾಗದ, ಕಪ್ಪು ಮಸಿಯಲ್ಲಿ ನನ್ನ ಮುತ್ತಿನ ಅಕ್ಷರ, ನಾಲ್ಕು ಮೂಲೆಗೂ ಮಲ್ಲಿಗೆ ಜಾಲರಿ. ಕಾರ್ಡು ಕಳಿಸುವ ದಿನ ರತ್ನಮ್ಮ ಪದ್ಧತಿಯಂತೆ ಅರಿಶಿನ ಕಲಸಿಕೊಂಡು ಬಂದು, ಬೆರಳು ಅದ್ದಿ, ಕಾರ್ಡನ್ನು ಒಮ್ಮೆ ತಿರುಗಿಸಿ ಹಾಗೇ ನಿಂತಳು. ಹಚ್ಚಲು ಮೂಲೆಯೇ ಇರಲಿಲ್ಲ. "ಮೇಷ್ಟ್ರು ಅಷ್ಟು ಚೆಂದಾಗ್ ಮಾಡವ್ರೆ, ಯಾಕ್ ಬಳ್ದು ಹಾಳ್ ಮಾಡೀಯೆ ಬುಡು" ಎಂದ ಸ್ವಾಮಿಗೌಡ. ಅವಳು ಬೆರಳನ್ನು ಸೆರಗಿಗೆ ಒರೆಸಿಕೊಂಡಳು. ನಾನು ವಿನಯದಿಂದ ತಲೆ ತಗ್ಗಿಸಿದ್ದು ನೆನಪಿದೆ.

ಹತ್ತಿರದ ನೆಂಟರನ್ನು ಮನೆಗೇ ಹೋಗಿ ಕರೆಯಬೇಕು. ಸ್ವಾಮಿಗೌಡ ಕೋಟೆಯ ಬಸ್ ನಿಲ್ದಾಣದವರೆಗೆ ಹೋದವನು ಅಲ್ಲಿಂದ ಮುಂದಕ್ಕೆ ಧೈರ್ಯ ಸಾಲದೆ, ಸಂತೆಗೆ ಬಂದಿದ್ದ ಅದೇ ಹಳ್ಳಿಯ ಗುರುತಿನವನೊಬ್ಬನ ಕೈಗೆ ಕಾರ್ಡು ಕೊಟ್ಟು ಮರಳಿದ. ಆ ಮಹಾನುಭಾವ ದೇವಮ್ಮನ ಬಾಗಿಲಲ್ಲಿ "ಹುಣಸೂರು ರತ್ನಮ್ಮನ ಕಾಗ್ದ" ಎಂದಷ್ಟೇ ಹೇಳಿ ಸೈಕಲ್ ಹತ್ತಿದನಂತೆ.

ಇಲ್ಲಿ ತುಸು ನಿಂತು, ನಮ್ಮ ಸೀಮೆಯಲ್ಲಿ ಹುಟ್ಟದ ಓದುಗರಿಗಾಗಿ ಒಂದು ಮಾತು ಹೇಳಬೇಕು. ಶುಭದ ಕಾಗದಕ್ಕೆ ಇಲ್ಲಿ ನಾಲ್ಕು ಮೂಲೆಗೂ ಅರಿಶಿನ ಇರಲೇಬೇಕು. ಅಕ್ಷರ ಬಾರದವರೂ ಆ ಹಳದಿಯನ್ನು ಕಂಡೊಡನೆ ಮುಖ ಅರಳಿಸಿ ಕಾಗದವನ್ನು ದೇವರ ಮುಂದೆ ಇಡುತ್ತಾರೆ. ಅರಿಶಿನವಿಲ್ಲದೆ ಬಿಳಿಯ ಮೇಲೆ ಕಪ್ಪಕ್ಷರ ಹೊತ್ತು ಬರುವುದು ಒಂದೇ ಬಗೆಯ ಕಾರ್ಡು, ತಿಥಿಯದು. ಅದನ್ನು ಹೊಸಿಲ ಆಚೆಗೇ ನಿಂತು ಓದಿಸಿ, ಹರಿದುಹಾಕುತ್ತಾರೆ. ಏನೂ ಇಲ್ಲವೆಂದು ನಾನು ತೀರ್ಮಾನಿಸಿದ್ದ ಆ ಜಾಗದಲ್ಲಿ ಜೀವ ಮತ್ತು ಸಾವಿನ ಸಮಾಚಾರವೇ ಇರುತ್ತಿತ್ತು. ದೇವಮ್ಮನಿಗೆ ಓದು ಬರುತ್ತಿರಲಿಲ್ಲ. ಮನೆಯವರೆಲ್ಲ ಹೊಲಕ್ಕೆ ಹೋಗಿದ್ದರು. ಓದಿಸಲು ಯಾರನ್ನೂ ಅವಳು ಹುಡುಕಲಿಲ್ಲ. ಅವಳ ಪಾಲಿಗೆ ಅದು ಓದುವ ಮೊದಲೇ ಓದಿ ಮುಗಿದಿದ್ದ ಕಾಗದ.

ಆ ಮಧ್ಯಾಹ್ನ ನಾನು ಜಗಲಿಯಲ್ಲಿ ಪತ್ರಿಕೆ ಓದುತ್ತಿದ್ದೆ. ಬೀದಿಯ ತುದಿಯಿಂದ ಅಳುವ ದನಿ ಕೇಳಿತು. ನಮ್ಮ ಹೆಂಗಸರು ಸತ್ತವರನ್ನು ಮಾತಾಡಿಸುತ್ತ ಅಳುವ ರಾಗದ ಅಳು ಅದು. ಕೆದರಿದ ತಲೆಯ ಒಬ್ಬ ಹಿರಿಯಾಕೆ ಎದೆ ಬಡಿದುಕೊಳ್ಳುತ್ತ ಬರುತ್ತಿದ್ದಳು. "ನನ್ ಕೂಸೇ, ನನ್ ರತ್ನೀ, ನನ್ನ ಸೊಂಟದ್ ಮ್ಯಾಲೇ ಬೆಳ್ದೋಳಲ್ಲೇ... ನಾನ್ ಉಣ್ದೆ ಇದ್ರೆ ನೀನೂ ಉಣ್ತಿರ್ನಿಲ್ವಲ್ಲೇ ನನ್ನವ್ವಾ... ಅವ್ವನ ಮೊಕಾನೂ ತೋರುಸ್ನಿಲ್ಲ, ನಿನ್ ಮೊಕಾನೂ ತೋರುಸ್ನಿಲ್ವಲ್ಲಪ್ಪೋ..." ಬೀದಿಯ ಬಾಗಿಲುಗಳೆಲ್ಲ ತೆರೆದವು. ಎದುರು ಮನೆಯ ಬಾಗಿಲೂ ತೆರೆದು, ಮದುವೆಗೆ ಅಕ್ಕಿ ಕೇರುತ್ತಿದ್ದ ರತ್ನಮ್ಮ ಮೊರ ಹಿಡಿದುಕೊಂಡೇ ಹೊರಗೆ ಬಂದಳು. ತನ್ನ ಗುಣಗಾನವನ್ನು ತಾನೇ ಕಿವಿಯಾರೆ ಕೇಳುವ ಭಾಗ್ಯ ಬದುಕಿರುವವರಿಗೆ ಸಿಗುವುದು ಅಪರೂಪ. ಅವಳು ಮೊರವನ್ನು ಎದೆಗವಚಿಕೊಂಡು ನಿಂತುಬಿಟ್ಟಳು.

ದೇವಮ್ಮನ ರಾಗ ಅರ್ಧಕ್ಕೇ ನಿಂತಿತು. "ನೀನ್ ಸತ್ತಿಲ್ವೇನೇ?" ಎಂದಳು. ದನಿಯಲ್ಲಿದ್ದದ್ದು ಶುದ್ಧ ಸಿಟ್ಟು.

"ಇಲ್ಲ ಕಣಕ್ಕ" ಎಂದಳು ರತ್ನಮ್ಮ, ಏನೋ ತಪ್ಪಾಗಿದೆ ಎಂಬಂತೆ.

ದೇವಮ್ಮ ಸೊಂಟದಿಂದ ನನ್ನ ಕಲಾಕೃತಿಯನ್ನು ಎಳೆದು ತೆಗೆದಳು. ಬೆವರಿಗೆ ಅದು ಮುದ್ದೆಯಾಗಿತ್ತು. "ಅದು ಸವಿತಾನ್ ಮದ್ವೆ ಕಾಗ್ದ ಕಣಕ್ಕ" ಎಂದಳು ರತ್ನಮ್ಮ. "ಯಾವನ್ಲಾ ಅವ್ನು ಮದ್ವೆ ಕಾಗ್ದದ ಮೂಲೆ ಕಿತ್ತೋನು?" ಎಂದು ದೇವಮ್ಮ ಗುಡುಗಿದಾಗ ನಾನು ಪತ್ರಿಕೆಯ ಮರೆಗೆ ಸರಿದೆ. ಸತ್ಯಸಂಧಳಾದ ಶಾರದೆ ಬಾಗಿಲಲ್ಲಿ ನಿಂತು ನನ್ನತ್ತ ಬೆರಳು ತೋರಿಸಿದಳು.

ಅಷ್ಟಾದರೂ ದೇವಮ್ಮ ತಂಗಿಯ ಮನೆಯೊಳಕ್ಕೆ ಹೋಗಲಿಲ್ಲ. "ಸಾವಿಗೆ ಅಂತ ಹೊಲ್ಟು ಬಂದ ಕಾಲು. ಮದ್ವೆ ಮನೆ ಹೊಸ್ಲು ತುಳಿಯಾಕಿಲ್ಲ" ಎಂದು ನಮ್ಮ ಜಗಲಿಗೆ ಬಂದು ಕೂತಳು. ಇದು ಶಾಸ್ತ್ರವೋ ಹಳೆಯ ಮುನಿಸೋ ಯಾರಿಗೂ ತಿಳಿಯಲಿಲ್ಲ. ರತ್ನಮ್ಮನಂತೂ ಮುನಿಸೇ ಎಂದುಕೊಂಡು ತನ್ನ ಬಾಗಿಲಲ್ಲಿ ಕುಸಿದು ಕೂತು ಅತ್ತಳು. ಒಂದು ಬೀದಿಯಷ್ಟೇ ಅಗಲದ ಅಂತರದಲ್ಲಿ ಅಕ್ಕ ತಂಗಿಯರಿಬ್ಬರು ಎದುರುಬದುರಾಗಿ ಕೂತಿದ್ದರು, ಕೋಟೆಗೆ ಹಿಂದಿರುಗುವ ಸಂಜೆಯ ಬಸ್ಸಿನ ಹೊತ್ತು ಹತ್ತಿರವಾಗುತ್ತಿತ್ತು. ಇತಿಹಾಸದಲ್ಲಿ ನಾನು ಬೋಧಿಸಿದ ಯಾವ ಸಂಧಾನವೂ ನನ್ನ ನೆರವಿಗೆ ಬರಲಿಲ್ಲ. ಹೆದರಿಕೆಯಾಗುತ್ತಿತ್ತು ಎಂದೇ ಹೇಳಬೇಕು.

ಶಾರದೆ ಹಂಡೆಯಲ್ಲಿ ನೀರು ಕಾಯಿಸಿ, ದೇವಮ್ಮನಿಗೆ ತಲೆಗೆ ಎರೆದು, ತನ್ನದೊಂದು ಸೀರೆ ಉಡಿಸಿ ಕಾಫಿ ಕೊಟ್ಟಳು. ದೇವಮ್ಮ ಲೋಟ ಬರಿದು ಮಾಡಿ, ಒದ್ದೆ ಕೂದಲನ್ನು ಬೆನ್ನಿಗೆ ಹರವಿಕೊಂಡು, ಯಾರನ್ನೂ ನೋಡದೆ ಹೇಳಿದಳು: "ಅವತ್ತೂ ನಂಗೆ ಸುದ್ದಿ ಬಂದಿದ್ರೆ ಹಿಂಗೇ ಓಡಿ ಬತ್ತಿದ್ದೆ. ನಾನೇನ್ ಬರ್ದೆ ಇರೋಳಾ?"

ಅಷ್ಟರಲ್ಲಿ ರತ್ನಮ್ಮ ತಟ್ಟೆ ಹಿಡಿದು ಬೀದಿ ದಾಟಿ ಬಂದಿದ್ದಳು. ತಟ್ಟೆಯಲ್ಲಿ ಅರಿಶಿನ, ಕುಂಕುಮ, ಎಲೆ ಅಡಕೆ. "ಕಳ್ಸಿದ್ವಿ ಕಣಕ್ಕ. ಬಸ್ಸು ನಿಂತೋಗಿತ್ತು" ಎಂದಳು.

"ಗೊತ್ತು ಕಣೆ. ನಂಗೂ ಆಮ್ಯಾಕೆ ಗೊತ್ತಾಯ್ತು. ಕ್ವಾಪ ಯಾರ್ ಮ್ಯಾಲ್ ಮಾಡ್ಲಿ ಮತ್ತೆ, ಬಸ್ಸಿನ್ ಮ್ಯಾಲಾ?"

ನಾನು ಕಾಗದ ಕತ್ತರಿಸುವ ಕಲೆಯಲ್ಲಿ ಆಗಲೇ ಸಾಕಷ್ಟು ಪಳಗಿದ್ದೆ. ಹೊಸದೊಂದು ಹಾಳೆಯನ್ನು ನಾಲ್ಕು ಮೂಲೆ ಸಹಿತ ತಂದು ಕೊಡಲೇ ಎಂದು ಮೆಲ್ಲಗೆ ಕೇಳಿದೆ. ದೇವಮ್ಮ ತಟ್ಟೆಯ ಅರಿಶಿನಕ್ಕೆ ಬೆರಳು ಅದ್ದಿ, ಮಡಿಲಲ್ಲಿದ್ದ ಮುದ್ದೆ ಕಾರ್ಡನ್ನು ಬಿಡಿಸಿ ಆ ಕಡೆ ಈ ಕಡೆ ತಿರುಗಿಸಿ ನೋಡಿದಳು. ಆಮೇಲೆ ಅದನ್ನು ಜಗಲಿಯ ಮೇಲಿಟ್ಟು, ತಂಗಿಯ ಗಲ್ಲ ಹಿಡಿದು ಮುಖವನ್ನು ಹತ್ತಿರಕ್ಕೆ ಎಳೆದುಕೊಂಡು, ಎರಡು ಕೆನ್ನೆಗೂ ದಟ್ಟವಾಗಿ ಅರಿಶಿನ ಬಳಿದಳು. ಬಳಿದ ಮೇಲೂ ಕೈ ತೆಗೆಯದೆ, ಆ ಮುಖವನ್ನೇ ನೋಡುತ್ತ ಕೂತಳು. ಕೋಟೆಯ ಬಸ್ಸು ಬೀದಿಯ ತುದಿಯಲ್ಲಿ ಹಾರನ್ ಮಾಡಿಕೊಂಡು ಹೋದದ್ದು ಅವಳಿಗೆ ಕೇಳಿಸಲಿಲ್ಲ.