ಒದರದ ಆಕಳು

ನರೇಗಲ್ಲಿನ ದನದ ಡಾಕ್ಟರಬಾಯಿ ಜಕ್ಕಲಿಯ ನಮ್ಮ ಹಿತ್ತಿಲಿಗೆ ಬಂದರೆ ಮೊದಲು ಸ್ಕೂಟರಿನ ಕೀಲಿಯನ್ನು ಸೊಂಟಕ್ಕೆ ಸಿಗಿಸಿ, ಕೈಕಟ್ಟಿ ಆಕಳ ಮುಂದೆ ಸುಮ್ಮನೆ ನಿಲ್ಲುತ್ತಿದ್ದರು. ಯಾರಾದರೂ ಅವಸರ ಮಾಡಿದರೆ ಒಂದೇ ಮಾತು: “ತಡೀರಿ, ಆಕಿ ಹೇಳ್ಲಿ.”

ನಮ್ಮ ಖಿಲಾರಿ ಆಕಳು ಮಾತ್ರ ಏನೂ ಹೇಳುತ್ತಿರಲಿಲ್ಲ. ಪಕ್ಕದಲ್ಲಿ ಕಟ್ಟಿದ ಜರ್ಸಿ ಬೆದೆಗೆ ಬಂದರೆ ಓಣಿಗೆಲ್ಲ ಕೇಳುವಂತೆ ಒದರುತ್ತಿತ್ತು. ಇದೂ ಹಾಗೇ ಒದರಲಿ ಎಂದು ಕಾದು ಕಾದು ಬೇಸತ್ತ ಅಪ್ಪ, ಇದು ಗೊಡ್ಡೇ ಎಂದು ಸಂತೆಗೆ ಒಯ್ಯಲು ಹೊಸ ಹಗ್ಗ ತಂದಿಟ್ಟಿದ್ದ.

“ಜರ್ಸಿ ಡಂಗುರ ಸಾರತೈತ್ರಿ ಯಜಮಾನ್ರ. ಖಿಲಾರಿ ಬೆದಿ ಸದ್ದಿಲ್ಲದ ಬಂದು ಲಗೂನ ಹೋಗಿಬಿಡತೈತಿ. ದಿನಾ ಮುಂಜಾನಿ ಎರಡನ್ನೂ ಬಿಚ್ಚಿ ಬಿಟ್ಟು ನೋಡ್ರಿ. ಜರ್ಸಿ ಬೆನ್ನೇರಿದಾಗ ಈಕಿ ಕದಲದ ನಿಂತ್ಲಂದ್ರ ಬೆದಿ ಬಂದೈತಂತ ತಿಳೀರಿ” ಎಂದರು ಡಾಕ್ಟರಬಾಯಿ.

ಅಪ್ಪ ನಕ್ಕ. ಅವ್ವ ಬಿಚ್ಚಿದಳು.

ಒಂದು ಮುಂಜಾನೆ ಜರ್ಸಿ ಬೆನ್ನೇರಿದರೂ ಖಿಲಾರಿ ಕದಲದೆ ನಿಂತುಕೊಂಡಿತು. ಅವ್ವ ಫೋನ್ ಹಚ್ಚಿದಳು. ಡಾಕ್ಟರಬಾಯಿ ಬಂದು ನೋಡಿ, “ಹೇಳಿಬಿಟ್ಟಳಲ್ರೀ!” ಎಂದು ಚಪ್ಪಾಳೆ ತಟ್ಟಿ, ತಡಮಾಡದೆ ಗಬ್ಬದ ಇಂಜೆಕ್ಷನ್ ಕೊಟ್ಟರು.

ಒಂಬತ್ತು ತಿಂಗಳು ತುಂಬಿ ಹೋರಿಗರು ಹುಟ್ಟಿತು. ಸಂತೆಗೆಂದು ತಂದ ಹಗ್ಗವನ್ನು ಅಪ್ಪನೇ ಕೊಯ್ದು ಅದರ ಕೊರಳಿಗೆ ಕಟ್ಟಿದ. ನೋಡಲು ಬಂದ ಡಾಕ್ಟರಬಾಯಿ ಕರುವಿನ ಮೈ ಮುಟ್ಟಿದ್ದೇ ತಡ, ಎಂದೂ ದನಿ ತೆಗೆಯದ ಆಕಳು ಕೋಡು ಎತ್ತಿ ಓಣಿ ನಡುಗುವಂತೆ ಒದರಿತು. ಮಂದಿ ಓಡಿ ಬಂದರು.

ಡಾಕ್ಟರಬಾಯಿ ಹಿಂದೆ ಸರಿದು ಜೋರಾಗಿ ನಕ್ಕರು: “ಒದರಾಕ ಆಕಿಗೂ ಬರ್ತಿತ್ರಿ ಯಜಮಾನ್ರ. ಒದರೂವಂಥಾ ಸುದ್ದಿ ಈಗ ಸಿಕ್ಕೈತಿ!”